ಫೋನಿನೊಳಗೆ ಇರುವುದು ನಮ್ಮದಷ್ಟೇ ಅಲ್ಲ

ಯಾವುದೇ ಊರಿನ ಜೆರಾಕ್ಸ್ ಅಂಗಡಿಗೆ ಹೋಗಿ ಆಧಾರ್ ಪ್ರತಿ ಬೇಕು ಎನ್ನಿ. ಈಗ ಬರುವ ಉತ್ತರ ಒಂದೇ: 'ಈ ನಂಬರಿಗೆ ವಾಟ್ಸ್‌ಆ್ಯಪ್ ಮಾಡಿ, ಪ್ರಿಂಟ್ ತೆಗೆದು ಕೊಡ್ತೀನಿ.' ಗೋಡೆಗೆ ಅಂಟಿಸಿದ ನಂಬರಿಗೆ ನಾವು ಕಳಿಸುತ್ತೇವೆ. ಅಂಗಡಿಯ ಕಂಪ್ಯೂಟರಿನಲ್ಲಿ ಬೆಳಗಿನಿಂದ ತೆರೆದೇ ಇರುವ ವಾಟ್ಸ್‌ಆ್ಯಪ್ ವೆಬ್‌ನಲ್ಲಿ ಅದು ಬಂದು ಬೀಳುತ್ತದೆ. ದುಡ್ಡು ಕೊಟ್ಟು ಕಾಗದ ಹಿಡಿದು ಹೊರಡುತ್ತೇವೆ. ಕಾಗದ ನಮ್ಮ ಜೊತೆ ಬರುತ್ತದೆ, ಫೈಲು ಅಲ್ಲೇ ಉಳಿಯುತ್ತದೆ. ಆ ಕಂಪ್ಯೂಟರಿನ 'ಡೌನ್‌ಲೋಡ್ಸ್' ಫೋಲ್ಡರಿನಲ್ಲಿ ಏನೇನಿರುತ್ತದೆ ಎಂದು ಒಮ್ಮೆ ಯೋಚಿಸಿ. ಆಧಾರ್, ಪ್ಯಾನ್, ಪಹಣಿ, ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡ್, ಪಾಸ್‌ಬುಕ್ಕಿನ ಮೊದಲ ಪುಟ, ಆಸ್ಪತ್ರೆಯ ರಿಪೋರ್ಟ್, ಬಾಡಿಗೆ ಕರಾರು. ಒಂದು ಬಡಾವಣೆಯ ಅರ್ಧ ಜನರ ಬದುಕು ಅಲ್ಲಿದೆ. ಅಂಗಡಿಯಾತ ಒಳ್ಳೆಯವನೇ ಇರಬಹುದು, ಬಹುತೇಕ ಒಳ್ಳೆಯವನೇ. ಆದರೆ ಆ ಕಂಪ್ಯೂಟರಿಗೆ ಪಾಸ್‌ವರ್ಡ್ ಇಲ್ಲ. ಕೆಲಸಕ್ಕೆ ಬರುವ ಹುಡುಗರು ಬದಲಾಗುತ್ತಿರುತ್ತಾರೆ. ಹಳೆಯದಾದಾಗ ಆ ಹಾರ್ಡ್ ಡಿಸ್ಕ್ ಗುಜರಿಗೆ ಹೋಗುತ್ತದೆ.

2022ರ ಮೇ 27ರಂದು ಆಧಾರ್ ಪ್ರಾಧಿಕಾರದ ಬೆಂಗಳೂರು ಪ್ರಾದೇಶಿಕ ಕಚೇರಿ ಇದೇ ವಿಷಯಕ್ಕೆ ಒಂದು ಪ್ರಕಟಣೆ ಹೊರಡಿಸಿತ್ತು. ಆಧಾರ್ ಪ್ರತಿಯನ್ನು ಕೇಳಿದವರಿಗೆಲ್ಲ ಕೊಡಬೇಡಿ, ದುರ್ಬಳಕೆಯಾಗಬಹುದು. ಬದಲಿಗೆ ಕೊನೆಯ ನಾಲ್ಕು ಅಂಕಿಗಳಷ್ಟೇ ಕಾಣುವ ಮಾಸ್ಕ್ಡ್ ಆಧಾರ್ ಬಳಸಿ. ಸೈಬರ್ ಸೆಂಟರಿನಲ್ಲಿ ಇ-ಆಧಾರ್ ಇಳಿಸಿಕೊಂಡಿದ್ದರೆ ಆ ಕಂಪ್ಯೂಟರಿನಿಂದ ಪೂರ್ತಿ ಅಳಿಸಿ ಬನ್ನಿ ಎಂಬುದು ಅದರ ಸಾರ. ಎರಡೇ ದಿನಕ್ಕೆ, ಮೇ 29ರಂದು, ಜನ ತಪ್ಪಾಗಿ ತಿಳಿಯಬಹುದೆಂದು ಹೇಳಿ ಕೇಂದ್ರ ಸರ್ಕಾರ ಅದನ್ನು ಹಿಂಪಡೆಯಿತು. ಹಿಂಪಡೆದದ್ದು ದೊಡ್ಡ ತಪ್ಪು ಎಂಬುದು ನನ್ನ ಖಚಿತ ಅಭಿಪ್ರಾಯ. ಬೆಂಗಳೂರು ಕಚೇರಿ ಹೇಳಿದ್ದರಲ್ಲಿ ಒಂದಕ್ಷರವೂ ಅತಿಯಾಗಿರಲಿಲ್ಲ. ಮಾಸ್ಕ್ಡ್ ಆಧಾರ್ ಸೌಲಭ್ಯ ಇವತ್ತಿಗೂ ಆಧಾರ್ ಜಾಲತಾಣದಲ್ಲಿ ಇದೆ. ಇ-ಆಧಾರ್ ಇಳಿಸಿಕೊಳ್ಳುವಾಗ ಒಂದು ಚೌಕಕ್ಕೆ ಟಿಕ್ ಹಾಕಿದರೆ ಸಾಕು. ಲಾಡ್ಜಿನಲ್ಲಿ ರೂಮು ಹಿಡಿಯುವಾಗ, ಬಾಡಿಗೆ ಮನೆಯ ಮಾಲೀಕರು ಕೇಳಿದಾಗ ಅದನ್ನೇ ಕೊಡಿ.

ಇ-ಆಧಾರ್ ಪಿಡಿಎಫ್‌ಗೆ ಪಾಸ್‌ವರ್ಡ್ ಇದೆಯಲ್ಲ ಎನ್ನುವವರಿದ್ದಾರೆ. ಆ ಪಾಸ್‌ವರ್ಡ್ ಎಂದರೆ ಹೆಸರಿನ ಮೊದಲ ನಾಲ್ಕು ಇಂಗ್ಲಿಷ್ ಅಕ್ಷರ ಮತ್ತು ಹುಟ್ಟಿದ ವರ್ಷ. ಹೆಸರು ವಾಟ್ಸ್‌ಆ್ಯಪ್ ಪ್ರೊಫೈಲಿನಲ್ಲೇ ಇರುತ್ತದೆ, ವರ್ಷವನ್ನು ಊಹಿಸಲು ಹತ್ತಿಪ್ಪತ್ತು ಪ್ರಯತ್ನ ಸಾಕು. ಅದು ಬೀಗದ ಕೈಯನ್ನು ಬೀಗಕ್ಕೇ ನೇತುಹಾಕಿದ ಹಾಗೆ.

ಈ ಮಾತೆತ್ತಿದಾಗಲೆಲ್ಲ ಎದುರಾಗುವ ಪ್ರಶ್ನೆ ಒಂದಿದೆ: 'ನನ್ನ ಹತ್ರ ಮುಚ್ಚಿಡೋವಂಥದ್ದು ಏನಿದೆ ಸ್ವಾಮೀ?' ಪ್ರಾಮಾಣಿಕರೇ ಇದನ್ನು ಹೆಚ್ಚಾಗಿ ಕೇಳುತ್ತಾರೆ. ಅವರಿಗೆ ನನ್ನ ಉತ್ತರ ಇದು. ನಿಮ್ಮ ಹತ್ತಿರ ಮುಚ್ಚಿಡುವಂಥದ್ದು ಏನೂ ಇರಲಿಕ್ಕಿಲ್ಲ. ಆದರೆ ನಿಮ್ಮ ಫೋನಿನಲ್ಲಿ ಇರುವುದು ನಿಮ್ಮದಷ್ಟೇ ಅಲ್ಲ. ಅದರಲ್ಲಿ ನಾನೂರೋ ಐನೂರೋ ಜನರ ನಂಬರು, ಹೆಸರು ಇವೆ. ತಂಗಿಯ ಸ್ಕ್ಯಾನಿಂಗ್ ರಿಪೋರ್ಟ್ ಇದೆ. ಸ್ನೇಹಿತ ಸಾಲಕ್ಕಾಗಿ ಕಳಿಸಿದ ಸಂಬಳದ ಚೀಟಿ ಇದೆ. ನೀವು ಮೇಷ್ಟರಾಗಿದ್ದರೆ ಮಕ್ಕಳ ಅಂಕಪಟ್ಟಿ, ಆಶಾ ಕಾರ್ಯಕರ್ತೆಯಾಗಿದ್ದರೆ ಗರ್ಭಿಣಿಯರ ವಿವರ, ವಕೀಲರಾಗಿದ್ದರೆ ಕಕ್ಷಿದಾರರ ಕಷ್ಟಗಳೆಲ್ಲ ಅದರಲ್ಲಿವೆ. ಅವರು ಯಾರೂ ಮುಚ್ಚಿಡುವ ಹಕ್ಕನ್ನು ಬಿಟ್ಟುಕೊಟ್ಟಿಲ್ಲ. ನಿಮ್ಮನ್ನು ನಂಬಿ ಕೊಟ್ಟಿದ್ದಾರೆ, ಅಷ್ಟೆ. ಫೋನನ್ನು ಕಾಯುವುದು ನಂಬಿದವರನ್ನು ಕಾಯುವ ಕೆಲಸ.

ಖಾಸಗಿತನ ಮೂಲಭೂತ ಹಕ್ಕೇ ಅಲ್ಲ ಎಂದು ನಮ್ಮ ಸರ್ಕಾರವೇ ಸುಪ್ರೀಂ ಕೋರ್ಟಿನಲ್ಲಿ ವಾದಿಸಿದ ಕಾಲವೊಂದಿತ್ತು. ಅದನ್ನು ಎದುರಿಸಿ ಗೆದ್ದ ಪ್ರಕರಣಕ್ಕೆ ಕನ್ನಡ ನಾಡಿನವರೊಬ್ಬರ ಹೆಸರಿದೆ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರು 2012ರಲ್ಲಿ ಆಧಾರ್ ಯೋಜನೆಯನ್ನು ಪ್ರಶ್ನಿಸಿ ಅರ್ಜಿ ಹಾಕಿದಾಗ ಅವರಿಗೆ 86 ವರ್ಷ. ಐದು ವರ್ಷಗಳ ನಂತರ, 2017ರ ಆಗಸ್ಟ್ 24ರಂದು, ಒಂಬತ್ತು ನ್ಯಾಯಮೂರ್ತಿಗಳ ಪೀಠ ಖಾಸಗಿತನ ಮೂಲಭೂತ ಹಕ್ಕು ಎಂದು ಒಮ್ಮತದಿಂದ ತೀರ್ಪಿತ್ತಿತು. ಆ ಪೀಠದಲ್ಲಿ ದಕ್ಷಿಣ ಕನ್ನಡದ ಎಸ್. ಅಬ್ದುಲ್ ನಜೀರ್ ಅವರೂ ಇದ್ದರು. ಮರುವರ್ಷ ಆಧಾರ್ ಕುರಿತ ತೀರ್ಪು ಬಂದಾಗ, ಖಾಸಗಿ ಕಂಪನಿಗಳು ಆಧಾರ್ ಕೇಳಲು ಅವಕಾಶ ಕೊಟ್ಟಿದ್ದ 57ನೇ ಸೆಕ್ಷನ್ನಿನ ಆ ಭಾಗ ಬಿದ್ದುಹೋಯಿತು. ಪುಟ್ಟಸ್ವಾಮಿಯವರು 2024ರ ಅಕ್ಟೋಬರ್‌ನಲ್ಲಿ ಬೆಂಗಳೂರಿನಲ್ಲಿ ತೀರಿಕೊಂಡರು. ದೇಶದ ಪ್ರತಿಯೊಬ್ಬ ಕಾನೂನು ವಿದ್ಯಾರ್ಥಿಯೂ ಓದುವ ಹೆಸರು ಅವರದು. ನಮ್ಮ ಶಾಲಾ ಮಕ್ಕಳಿಗೂ ಅದು ಗೊತ್ತಿರಬೇಕು.

ಹಕ್ಕು ಕಾಗದದ ಮೇಲೆ ಬಂದರೂ ಸೋರಿಕೆ ನಿಲ್ಲಲಿಲ್ಲ. 2023ರಲ್ಲಿ ಬೆಂಗಳೂರು, ದಕ್ಷಿಣ ಕನ್ನಡದ ಕಡೆ ಹಲವರ ಖಾತೆಯಿಂದ ಹಣ ಹೋಯಿತು. ಒಟಿಪಿ ಹೇಳಿರಲಿಲ್ಲ, ಲಿಂಕ್ ಒತ್ತಿರಲಿಲ್ಲ, ಎಟಿಎಂ ಕಾರ್ಡ್ ಜೇಬಿನಲ್ಲೇ ಇತ್ತು. ಅವರಲ್ಲಿ ಬಹಳ ಜನ ಸ್ವಲ್ಪ ಮೊದಲು ಸಬ್‌ರಿಜಿಸ್ಟ್ರಾರ್ ಕಚೇರಿಯಲ್ಲಿ ಆಸ್ತಿ ನೋಂದಣಿ ಮಾಡಿಸಿದ್ದರು. ಕ್ರಯಪತ್ರದ ಪ್ರತಿಯಲ್ಲಿ ಹೆಸರು, ಆಧಾರ್ ಸಂಖ್ಯೆಯ ಜೊತೆಗೆ ಬೆರಳಚ್ಚೂ ಇರುತ್ತದೆ. ಆಧಾರ್ ಆಧಾರಿತ ಪಾವತಿ ವ್ಯವಸ್ಥೆಯಲ್ಲಿ ಹಣ ತೆಗೆಯಲು ಬೇಕಾದದ್ದು ಮೂರೇ: ಬ್ಯಾಂಕಿನ ಹೆಸರು, ಆಧಾರ್ ಸಂಖ್ಯೆ, ಬೆರಳು. ಹಳ್ಳಿಯ ವಯಸ್ಸಾದವರು ಪಿಂಚಣಿಗಾಗಿ ಪಟ್ಟಣಕ್ಕೆ ಅಲೆಯಬಾರದೆಂದು ಮಾಡಿದ ಒಳ್ಳೆಯ ವ್ಯವಸ್ಥೆ ಅದು. ಕಳ್ಳರು ಬೆರಳಚ್ಚಿನ ಅಚ್ಚು ತೆಗೆದು ಅದನ್ನೇ ಬಳಸಿಕೊಂಡರು. ಮಂಗಳೂರು ಪೊಲೀಸರು ಬಿಹಾರ ಮೂಲದ ಆರೋಪಿಗಳನ್ನು ಬಂಧಿಸಿದರು. ದಾಖಲೆಗಳ ಪ್ರತಿಯಲ್ಲಿ ಬೆರಳಚ್ಚನ್ನು ಮರೆಮಾಡುವ ಕ್ರಮಕ್ಕೆ ಕಂದಾಯ ಇಲಾಖೆಯೂ ಮುಂದಾಯಿತು.

ಪಾಸ್‌ವರ್ಡ್ ಕದ್ದುಹೋದರೆ ಬದಲಾಯಿಸಬಹುದು. ಬೆರಳನ್ನು ಬದಲಾಯಿಸಲಾಗದು. ಅದಕ್ಕೇ ಬಯೋಮೆಟ್ರಿಕ್ ಲಾಕ್ ಎಂಬ ಸೌಲಭ್ಯ ಕೊಟ್ಟಿದ್ದಾರೆ. ಆಧಾರ್ ಜಾಲತಾಣದಲ್ಲಿ ಅಥವಾ ಆ್ಯಪ್‌ನಲ್ಲಿ ನೋಂದಾಯಿತ ಮೊಬೈಲಿಗೆ ಬರುವ ಒಟಿಪಿ ಕೊಟ್ಟು ಅದನ್ನು ಹಾಕಿಬಿಟ್ಟರೆ, ನಿಮ್ಮ ಬೆರಳಚ್ಚಿನಿಂದ ಯಾರೂ, ನೀವೇ ಆದರೂ, ಹಣ ತೆಗೆಯಲಾಗುವುದಿಲ್ಲ. ಹೊಸ ಸಿಮ್ ಕೊಳ್ಳುವಾಗ, ರೇಷನ್ ತರುವಾಗ ಬೆರಳು ಬೇಕಾದರೆ ಸ್ವಲ್ಪ ಹೊತ್ತು ತೆರೆದು ಮತ್ತೆ ಹಾಕಬಹುದು. ತಿಂಗಳಿಗೆ ನಾಲ್ಕು ಸಲ ಬೆರಳೊತ್ತುವವರಿಗೆ ಇದು ಕಿರಿಕಿರಿ ನಿಜ. ಬೆರಳೊತ್ತುವ ಪ್ರಸಂಗವೇ ಬಾರದ ನೌಕರಿಯವರು, ಪಟ್ಟಣದವರು, ಹೊರದೇಶದಲ್ಲಿರುವ ಕನ್ನಡಿಗರು ಇದನ್ನು ಹಾಕದೇ ಇರಲು ಕಾರಣವೇ ಇಲ್ಲ.

ಇನ್ನು ಆ್ಯಪ್‌ಗಳ ವಿಷಯ. ಒಬ್ಬರ ಅಜಾಗ್ರತೆ ಇನ್ನೊಬ್ಬರ ಮಾನ ಹೇಗೆ ಕಳೆಯುತ್ತದೆ ಎಂಬುದಕ್ಕೆ ಸಾಲದ ಆ್ಯಪ್‌ಗಳಿಗಿಂತ ಬೇರೆ ಉದಾಹರಣೆ ಬೇಡ. ಐದು ಸಾವಿರ ಸಾಲಕ್ಕೆ ಆ್ಯಪ್ ಹಾಕಿಕೊಳ್ಳುತ್ತಾರೆ. 'ಕಾಂಟ್ಯಾಕ್ಟ್ಸ್ ನೋಡಲು ಅನುಮತಿ ಕೊಡಿ' ಎನ್ನುತ್ತದೆ, 'ಅಲೋ' ಒತ್ತುತ್ತಾರೆ. ಅಲ್ಲಿಗೆ ಫೋನಿನಲ್ಲಿದ್ದ ಎಲ್ಲರ ನಂಬರೂ ದೂರದ ಯಾವುದೋ ಸರ್ವರಿಗೆ ಹೋಯಿತು. ಕಂತು ತಪ್ಪಿದ ದಿನ ಫೋನು ಹೋಗುವುದು ಸಾಲಗಾರನಿಗಲ್ಲ; ಅವನ ಅತ್ತೆಗೆ, ಆಫೀಸಿನ ಮೇಲಧಿಕಾರಿಗೆ, ಮಗಳ ಶಾಲೆಯ ಟೀಚರಿಗೆ. ತಿರುಚಿದ ಅಶ್ಲೀಲ ಫೋಟೊಗಳನ್ನು ಇವರಿಗೆಲ್ಲ ಕಳಿಸಿದ್ದಾರೆ. ಅವಮಾನ ತಾಳದೆ ಜೀವ ಕಳೆದುಕೊಂಡವರಿದ್ದಾರೆ. 2022ರ ಸೆಪ್ಟೆಂಬರ್‌ನಲ್ಲಿ ರಿಸರ್ವ್ ಬ್ಯಾಂಕ್ ಮಾರ್ಗಸೂಚಿ ಹೊರಡಿಸಿ, ಸಾಲದ ಆ್ಯಪ್‌ಗಳು ಕಾಂಟ್ಯಾಕ್ಟ್ ಪಟ್ಟಿ, ಕರೆಗಳ ವಿವರ, ಫೋಟೊ, ಫೈಲುಗಳನ್ನು ಮುಟ್ಟಕೂಡದು ಎಂದಿತು. 2023ರ ಮೇ 31ರಿಂದ ಗೂಗಲ್ ಪ್ಲೇ ಕೂಡ ಇದನ್ನು ನಿಷೇಧಿಸಿತು. ಹಾಗಾಗಿ ಇವತ್ತು ಯಾವುದಾದರೂ ಸಾಲದ ಆ್ಯಪ್ ನಿಮ್ಮ ಕಾಂಟ್ಯಾಕ್ಟ್ಸ್ ಕೇಳಿದರೆ ಅದು ನಿಯಮ ಮುರಿಯುತ್ತಿದೆ ಎಂದೇ ಅರ್ಥ. ಆ ಕ್ಷಣವೇ ಅದನ್ನು ತೆಗೆದುಹಾಕಿ.

ಅನುಮತಿಗಳ ವಿಷಯದಲ್ಲಿ ಫೋನುಗಳು ಮೊದಲಿಗಿಂತ ಎಷ್ಟೋ ಸುಧಾರಿಸಿವೆ. ಹಿಂದೆ ಆಂಡ್ರಾಯ್ಡ್‌ನಲ್ಲಿ ಆ್ಯಪ್ ಹಾಕಿಕೊಳ್ಳುವಾಗಲೇ ಎಲ್ಲದಕ್ಕೂ ಒಟ್ಟಿಗೆ ಒಪ್ಪಬೇಕಿತ್ತು. ಈಗ ಆಂಡ್ರಾಯ್ಡ್‌ನಲ್ಲೂ ಐಫೋನಿನಲ್ಲೂ ಒಂದೊಂದನ್ನೇ ಕೊಡಬಹುದು, ಕೊಟ್ಟದ್ದನ್ನು ಕಿತ್ತುಕೊಳ್ಳಬಹುದು, 'ಬಳಸುವಾಗ ಮಾತ್ರ' ಎನ್ನಬಹುದು, ನಿಖರ ಜಾಗ ಕೊಡದೆ ಅಂದಾಜು ಜಾಗವನ್ನಷ್ಟೇ ಕೊಡಬಹುದು. ಎಲ್ಲ ಫೋಟೊಗಳನ್ನೂ ತೆರೆದಿಡದೆ ಆರಿಸಿದ ಎರಡನ್ನೇ ತೋರಿಸಬಹುದು. ಕ್ಯಾಮೆರಾ ಅಥವಾ ಮೈಕ್ ಚಾಲೂ ಆದರೆ ಪರದೆಯ ಮೇಲ್ತುದಿಯಲ್ಲಿ ಸಣ್ಣ ಚುಕ್ಕೆ ಹೊತ್ತಿಕೊಳ್ಳುತ್ತದೆ. ಆಂಡ್ರಾಯ್ಡ್ 12ರಿಂದ ಈಚಿನ ಫೋನುಗಳಲ್ಲಿ ಹಸಿರು, ಐಫೋನಿನಲ್ಲಿ ಮೈಕಿಗೆ ಕಿತ್ತಳೆ, ಕ್ಯಾಮೆರಾಕ್ಕೆ ಹಸಿರು. ನೀವು ಮಾತಾಡದಿರುವಾಗ, ಫೋಟೊ ತೆಗೆಯದಿರುವಾಗ ಆ ಚುಕ್ಕೆ ಕಂಡರೆ, ಯಾವ ಆ್ಯಪ್ ಎಂದು ಸೆಟ್ಟಿಂಗ್ಸ್‌ನ ಪ್ರೈವಸಿ ವಿಭಾಗದಲ್ಲಿ ನೋಡಿ. ಟಾರ್ಚ್ ಆ್ಯಪ್‌ಗೆ ಲೊಕೇಶನ್ ಏಕೆ ಬೇಕು, ಕ್ಯಾಲೆಂಡರ್ ಪಂಚಾಂಗದ ಆ್ಯಪ್‌ಗೆ ಎಸ್ಸೆಮ್ಮೆಸ್ ಏಕೆ ಬೇಕು ಎಂದು ಕೇಳಿಕೊಂಡರೆ ಅರ್ಧ ಕೆಲಸ ಮುಗಿಯಿತು.

'ಮಿಕ್ಸಿ ತಗೋಬೇಕು ಅಂತ ಮನೆಯಲ್ಲಿ ಮಾತಾಡಿದೆವು, ಫೋನಿನಲ್ಲಿ ಮಿಕ್ಸಿ ಜಾಹೀರಾತು ಬಂತು' ಎಂಬ ಮಾತು ಎಲ್ಲರ ಮನೆಯಲ್ಲೂ ಇದೆ. ಫೋನು ಗುಟ್ಟಾಗಿ ಕೇಳಿಸಿಕೊಳ್ಳುತ್ತದೆ ಎಂದು ಜನ ನಂಬಿದ್ದಾರೆ. ಅಮೆರಿಕದ ನಾರ್ತ್‌ಈಸ್ಟರ್ನ್ ವಿಶ್ವವಿದ್ಯಾಲಯದ ಸಂಶೋಧಕರು 17 ಸಾವಿರಕ್ಕೂ ಹೆಚ್ಚು ಆಂಡ್ರಾಯ್ಡ್ ಆ್ಯಪ್‌ಗಳನ್ನು ಪರೀಕ್ಷಿಸಿ 2018ರಲ್ಲಿ ವರದಿ ಮಾಡಿದರು. ಗುಟ್ಟಾಗಿ ಮೈಕ್ ಬಳಸಿದ್ದಕ್ಕೆ ಅವರಿಗೆ ಪುರಾವೆ ಸಿಗಲಿಲ್ಲ. ಆದರೆ ಕೆಲವು ಆ್ಯಪ್‌ಗಳು ಪರದೆಯ ಮೇಲೆ ನಡೆಯುವುದನ್ನು ಚಿತ್ರೀಕರಿಸಿ ಹೊರಗಿನ ಕಂಪನಿಗಳಿಗೆ ಕಳಿಸುತ್ತಿದ್ದುದು ಸಿಕ್ಕಿತು. ನಿಜ ಹೇಳಬೇಕೆಂದರೆ ಜಾಹೀರಾತು ಕಂಪನಿಗಳಿಗೆ ನಮ್ಮ ಮಾತು ಕೇಳುವ ಅಗತ್ಯವೇ ಇಲ್ಲ. ನಿಮ್ಮ ಫೋನಿಗೆ ಒಂದು ಜಾಹೀರಾತು ಗುರುತಿನ ಸಂಖ್ಯೆ ಇದೆ. ಮನೆಯವರೆಲ್ಲ ಒಂದೇ ವೈಫೈ ಬಳಸುತ್ತೀರಿ. ಹೆಂಡತಿ ಮಿಕ್ಸಿ ಹುಡುಕಿದರೆ ಗಂಡನಿಗೂ ಅದೇ ಕಾಣುತ್ತದೆ. ಆಂಡ್ರಾಯ್ಡ್‌ನ ಪ್ರೈವಸಿ ಸೆಟ್ಟಿಂಗ್ಸ್‌ನಲ್ಲಿ 'ಆ್ಯಡ್ಸ್' ಎಂಬಲ್ಲಿಗೆ ಹೋಗಿ ಆ ಸಂಖ್ಯೆಯನ್ನು ಅಳಿಸಬಹುದು. ಐಫೋನಿನಲ್ಲಿ ಆ್ಯಪ್ 'ಟ್ರ್ಯಾಕ್ ಮಾಡಲೇ' ಎಂದು ಕೇಳಿದಾಗ ಬೇಡ ಎನ್ನಬಹುದು.

ಅದಕ್ಕಿಂತ ದೊಡ್ಡ ಗುರುತು ನಮ್ಮ ಮೊಬೈಲ್ ನಂಬರು. ಸೂಪರ್ ಮಾರ್ಕೆಟ್ಟಿನಲ್ಲಿ, ಬಟ್ಟೆ ಅಂಗಡಿಯಲ್ಲಿ ಬಿಲ್ಲಿಗೆ ಮೊದಲು 'ನಂಬರ್ ಹೇಳಿ' ಎನ್ನುತ್ತಾರೆ, ಸಾಲಿನಲ್ಲಿ ಹಿಂದೆ ನಿಂತವರಿಗೂ ಕೇಳುವಂತೆ ನಾವು ಹೇಳುತ್ತೇವೆ. ನಂಬರ್ ಕೊಡಲೇಬೇಕೆಂದು ಗ್ರಾಹಕರನ್ನು ಒತ್ತಾಯಿಸಬಾರದು ಎಂದು ಕೇಂದ್ರ ಗ್ರಾಹಕ ವ್ಯವಹಾರಗಳ ಸಚಿವಾಲಯ 2023ರಲ್ಲೇ ಹೇಳಿದೆ. 'ಬೇಡ, ನಂಬರ್ ಹಾಕದೆ ಬಿಲ್ ಮಾಡಿ' ಎನ್ನಲು ಸಂಕೋಚಪಡಬೇಡಿ.

ವಾಟ್ಸ್‌ಆ್ಯಪ್ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ನಮ್ಮ ಜನರ ಪಾಲಿಗೆ ಫೋನೆಂದರೆ ಬಹುಮಟ್ಟಿಗೆ ಅದೇ. 2016ರಿಂದ ಅದರ ಸಂದೇಶಗಳು ಕಳಿಸಿದವರ ಫೋನಿನಲ್ಲಿ ಬೀಗ ಬಿದ್ದು ಪಡೆದವರ ಫೋನಿನಲ್ಲಷ್ಟೇ ತೆರೆದುಕೊಳ್ಳುತ್ತವೆ. ನಡುವೆ ಕಂಪನಿಗೂ ಓದಲಾಗದು. ಅದನ್ನು ನಂಬಿ ನಾವು ಏನೆಲ್ಲ ಬರೆಯುತ್ತೇವೆ. ಆದರೆ ರಾತ್ರಿ ಅದೇ ಮಾತುಕತೆಗಳ ಬ್ಯಾಕಪ್ ಗೂಗಲ್ ಡ್ರೈವಿಗೋ ಐಕ್ಲೌಡಿಗೋ ಹೋಗುತ್ತದಲ್ಲ, ಆ ಪ್ರತಿಗೆ ಬಹುಕಾಲ ಈ ಬೀಗ ಇರಲೇ ಇಲ್ಲ. 2021ರ ಅಕ್ಟೋಬರಿನಲ್ಲಿ ಅದಕ್ಕೂ ಬೀಗ ಹಾಕುವ ಆಯ್ಕೆ ಬಂತು. ಆದರೆ ಅದು ತಾನಾಗಿ ಬೀಳುವುದಿಲ್ಲ, ನಾವೇ ಹಾಕಬೇಕು. ಸೆಟ್ಟಿಂಗ್ಸ್‌ನಲ್ಲಿ ಚಾಟ್ಸ್, ಅದರೊಳಗೆ ಚಾಟ್ ಬ್ಯಾಕಪ್, ಅದರ ಕೆಳಗೆ 'ಎಂಡ್ ಟು ಎಂಡ್ ಎನ್‌ಕ್ರಿಪ್ಟೆಡ್ ಬ್ಯಾಕಪ್'. ಅಲ್ಲಿ ಕೊಡುವ ಪಾಸ್‌ವರ್ಡನ್ನು ಮರೆತರೆ ಕಂಪನಿಯೂ ತೆರೆದುಕೊಡಲಾರದು. ಹಾಗಾಗಿ ಅದನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದು ಮನೆಯ ಬೀರುವಿನಲ್ಲಿಡಿ. ಕಾಗದದ ಮೇಲೆ ಬರೆಯಬಾರದು ಎಂದು ಹೆದರಿಸುವವರ ಮಾತು ಕೇಳಬೇಡಿ. ಬೀರುವಿನ ಕಾಗದವನ್ನು ಕದಿಯಲು ಯಾವ ಅಂತರ್ಜಾಲ ಕಳ್ಳನೂ ನಿಮ್ಮೂರಿಗೆ ಬರುವುದಿಲ್ಲ.

ಇನ್ನೊಂದು, 'ಲಿಂಕ್ಡ್ ಡಿವೈಸಸ್'. ನಿಮ್ಮ ವಾಟ್ಸ್‌ಆ್ಯಪನ್ನು ಬೇರೆ ನಾಲ್ಕು ಯಂತ್ರಗಳಿಗೆ ಜೋಡಿಸಬಹುದು. ಆಫೀಸಿನ ಕಂಪ್ಯೂಟರಿನಲ್ಲಿ ಒಂದು ದಿನ ತೆರೆದು ಲಾಗೌಟ್ ಮಾಡದೆ ಎದ್ದು ಬಂದಿದ್ದರೆ, ಅಲ್ಲಿ ಕೂತವರು ನಿಮ್ಮ ಮಾತುಗಳನ್ನೆಲ್ಲ ಈಗಲೂ ಓದುತ್ತಿರಬಹುದು. ನಿಮ್ಮ ಫೋನಿನ ಬೀಗ ತೆರೆಯಬಲ್ಲ ಯಾರು ಬೇಕಾದರೂ, ಅದು ಐದು ನಿಮಿಷ ಕೈಗೆ ಸಿಕ್ಕರೆ, ತಮ್ಮ ಯಂತ್ರಕ್ಕೆ ನಿಮ್ಮ ವಾಟ್ಸ್‌ಆ್ಯಪನ್ನು ಜೋಡಿಸಿಕೊಳ್ಳಬಹುದು. ಪಟ್ಟಿ ತೆರೆದು, ಗೊತ್ತಿಲ್ಲದ ಹೆಸರು ಇದ್ದರೆ ಲಾಗೌಟ್ ಮಾಡಿ.

ಈಚೆಗೆ ಮದುವೆ ಕರೆಯೋಲೆಯ ಹೆಸರಿನಲ್ಲಿ, ಟ್ರಾಫಿಕ್ ದಂಡದ ಹೆಸರಿನಲ್ಲಿ, ಬ್ಯಾಂಕ್ ಕೆವೈಸಿ ಹೆಸರಿನಲ್ಲಿ ಎಪಿಕೆ ಫೈಲುಗಳು ಬರುತ್ತಿವೆ. ಎಪಿಕೆ ಎಂದರೆ ಆ್ಯಪ್; ಅದು ಕರೆಯೋಲೆ ಆಗಲು ಸಾಧ್ಯವೇ ಇಲ್ಲ. ಹಾಕಿಕೊಂಡರೆ ಎಸ್ಸೆಮ್ಮೆಸ್ ಓದಲು, 'ಆ್ಯಕ್ಸೆಸಿಬಿಲಿಟಿ' ಬಳಸಲು ಅನುಮತಿ ಕೇಳುತ್ತದೆ. ದೃಷ್ಟಿದೋಷ ಇರುವವರಿಗೆ ಪರದೆ ಓದಿ ಹೇಳಲೆಂದು ಮಾಡಿದ ವ್ಯವಸ್ಥೆ ಅದು. ಕಳ್ಳ ಆ್ಯಪ್‌ಗೆ ಅದು ಸಿಕ್ಕರೆ ಪರದೆಯಲ್ಲಿ ಇರುವುದನ್ನೆಲ್ಲ ಓದುತ್ತದೆ, ನಿಮ್ಮ ಪರವಾಗಿ ಗುಂಡಿಗಳನ್ನೂ ಒತ್ತುತ್ತದೆ. ಒಟಿಪಿ ಬಂದದ್ದು ನಿಮಗೆ ಕಾಣುವ ಮೊದಲೇ ಅವರ ಕೈ ಸೇರಿರುತ್ತದೆ. ಒಬ್ಬರ ಫೋನು ಹೀಗೆ ಬಿದ್ದರೆ ಅವರ ನಂಬರಿನಿಂದಲೇ ಆ ಫೈಲು ಗುಂಪುಗಳಿಗೆಲ್ಲ ಹೋಗುತ್ತದೆ. ಕಳಿಸಿದ್ದು ಚಿಕ್ಕಪ್ಪ ಎಂದು ನಂಬಿ ತೆರೆಯುವವರು ಅದಕ್ಕೇ ಸಿಕ್ಕಿಬೀಳುತ್ತಾರೆ.

ಲ್ಯಾಪ್‌ಟಾಪಿನ ವಿಷಯಕ್ಕೆ ಬಂದರೆ ಜನರಲ್ಲಿ ಒಂದು ದೊಡ್ಡ ತಪ್ಪು ತಿಳಿವಳಿಕೆ ಇದೆ. ತೆರೆದ ಕೂಡಲೇ ಪಾಸ್‌ವರ್ಡ್ ಕೇಳುತ್ತದೆ, ಆದ್ದರಿಂದ ಒಳಗಿನದೆಲ್ಲ ಭದ್ರ ಎಂದುಕೊಂಡಿರುತ್ತಾರೆ. ಆ ಪಾಸ್‌ವರ್ಡ್ ವಿಂಡೋಸ್ ಬಾಗಿಲನ್ನಷ್ಟೇ ಕಾಯುತ್ತದೆ. ಕದ್ದವನು ನಾಲ್ಕು ಸ್ಕ್ರೂ ಬಿಚ್ಚಿ ಡಿಸ್ಕನ್ನು ಹೊರತೆಗೆದು ಇನ್ನೊಂದು ಕಂಪ್ಯೂಟರಿಗೆ ಜೋಡಿಸಿದರೆ, ಬೀಗ ಇಲ್ಲದ ಡಿಸ್ಕಿನ ಪ್ರತಿಯೊಂದು ಫೈಲೂ ಹಾಗೇ ತೆರೆದುಕೊಳ್ಳುತ್ತದೆ. ಡಿಸ್ಕನ್ನೇ ಗೂಢಲಿಪಿಗೆ ತಿರುಗಿಸುವ ವ್ಯವಸ್ಥೆ ವಿಂಡೋಸ್‌ನಲ್ಲಿ ಬಿಟ್‌ಲಾಕರ್ ಅಥವಾ 'ಡಿವೈಸ್ ಎನ್‌ಕ್ರಿಪ್ಶನ್' ಹೆಸರಿನಲ್ಲಿ, ಮ್ಯಾಕ್‌ನಲ್ಲಿ ಫೈಲ್‌ವಾಲ್ಟ್ ಹೆಸರಿನಲ್ಲಿ ಇದೆ. ಫೋನುಗಳಲ್ಲಿ ಇದು ಬಹಳ ಹಿಂದೆಯೇ ತಾನಾಗಿ ಬಂತು. ಆಂಡ್ರಾಯ್ಡ್ 10ರಿಂದ ಹೊಸ ಫೋನುಗಳಿಗೆಲ್ಲ ಕಡ್ಡಾಯ. ಹೊಸ ವಿಂಡೋಸ್ 11 ಲ್ಯಾಪ್‌ಟಾಪುಗಳಲ್ಲೂ ಮೈಕ್ರೋಸಾಫ್ಟ್ ಖಾತೆಯಿಂದ ಶುರು ಮಾಡಿದರೆ ತಾನಾಗಿ ಚಾಲೂ ಆಗುವುದುಂಟು. ಹಳೆಯ ಲ್ಯಾಪ್‌ಟಾಪುಗಳಲ್ಲಿ ಇದೆಯೇ ಎಂದು ನೀವೇ ನೋಡಬೇಕು. ಹಾಕುವಾಗ ವಿಂಡೋಸ್ ಕೊಡುವ ರಿಕವರಿ ಕೀ ಎಂಬ 48 ಅಂಕಿಗಳ ಸಂಖ್ಯೆಯನ್ನು ತಪ್ಪದೆ ಬರೆದಿಟ್ಟುಕೊಳ್ಳಿ, ಮುಖ್ಯ ಫೈಲುಗಳ ಒಂದು ಪ್ರತಿ ಬೇರೆಡೆ ಇರಲಿ. ಆ ಕೀ ಕಳೆದರೆ ಕಳ್ಳನಿಗೆ ಮುಚ್ಚಿದ ಬಾಗಿಲು ನಿಮಗೂ ಮುಚ್ಚುತ್ತದೆ.

ರಿಪೇರಿಗೆ ಕೊಡುವಾಗ 'ಪಾಸ್‌ವರ್ಡ್ ಬರೆದು ಹೋಗಿ' ಎನ್ನುತ್ತಾರೆ. ಡಿಸ್‌ಪ್ಲೇ ಬದಲಾಯಿಸಲು, ಬ್ಯಾಟರಿ ಹಾಕಲು ಪಾಸ್‌ವರ್ಡ್ ಬೇಕಿಲ್ಲ. ಕೆನಡಾದ ಗೆಲ್ಫ್ ವಿಶ್ವವಿದ್ಯಾಲಯದ ಸಂಶೋಧಕರು ಕೆಲವು ವರ್ಷಗಳ ಹಿಂದೆ 16 ಅಂಗಡಿಗಳಿಗೆ ಲ್ಯಾಪ್‌ಟಾಪ್ ರಿಪೇರಿಗೆ ಕೊಟ್ಟು, ಒಳಗೆ ಏನೇನು ನಡೆಯುತ್ತದೆ ಎಂಬುದನ್ನು ದಾಖಲಿಸುವ ವ್ಯವಸ್ಥೆ ಇಟ್ಟಿದ್ದರು. ಆರು ಕಡೆ ರಿಪೇರಿಯವರು ಖಾಸಗಿ ಫೈಲುಗಳನ್ನು ಇಣುಕಿದ್ದರು, ಎರಡು ಕಡೆ ನಕಲನ್ನೂ ಮಾಡಿಕೊಂಡಿದ್ದರು. ಹೆಂಗಸರ ಲ್ಯಾಪ್‌ಟಾಪುಗಳೇ ಹೆಚ್ಚಾಗಿ ಅವರ ಗುರಿ. ನಮ್ಮ ಊರಿನ ಅಂಗಡಿಗಳು ಅದಕ್ಕಿಂತ ಕೆಟ್ಟವು ಎಂದು ನಾನು ಹೇಳುವುದಿಲ್ಲ, ಅದಕ್ಕಿಂತ ಒಳ್ಳೆಯವು ಎಂದುಕೊಳ್ಳಲೂ ಕಾರಣವಿಲ್ಲ. ಸ್ಯಾಮ್‌ಸಂಗ್, ಪಿಕ್ಸೆಲ್ ಫೋನುಗಳಲ್ಲಿ ರಿಪೇರಿಗೆಂದೇ ಒಂದು ಮೋಡ್ ಇದೆ. ಚಾಲೂ ಮಾಡಿದರೆ ನಿಮ್ಮ ಫೋಟೊ, ಸಂದೇಶಗಳು ಕಾಣದೆ ಫೋನು ಖಾಲಿಯಂತೆ ತೋರುತ್ತದೆ. ಲ್ಯಾಪ್‌ಟಾಪಿನಲ್ಲಿ ಬೇರೊಂದು ಯೂಸರ್ ಖಾತೆ ಮಾಡಿ ಅದರ ಪಾಸ್‌ವರ್ಡ್ ಕೊಡಿ. ಅದಕ್ಕೆ ಅಡ್ಮಿನ್ ಅಧಿಕಾರ ಬೇಡ. ಹಳೆಯ ಫೋನನ್ನು ಎಕ್ಸ್‌ಚೇಂಜಿಗೆ ಕೊಡುವಾಗ ಒಂದೊಂದೇ ಫೋಟೊ ಅಳಿಸುತ್ತ ಕೂರಬೇಡಿ, ಅಳಿಸಿದ್ದನ್ನು ಮರಳಿ ತೆಗೆಯುವವರಿದ್ದಾರೆ. ಖಾತೆಗಳಿಂದ ಹೊರಬಂದು ಫ್ಯಾಕ್ಟರಿ ರೀಸೆಟ್ ಮಾಡಿ. ಗೂಢಲಿಪಿಯ ಕೀ ಅದರೊಂದಿಗೆ ನಾಶವಾಗುವುದರಿಂದ ಉಳಿದದ್ದು ಯಾರಿಗೂ ಓದಲು ಬಾರದ ಕಸ. ಮೆಮೊರಿ ಕಾರ್ಡನ್ನು ತೆಗೆದುಕೊಳ್ಳಲು ಮರೆಯಬೇಡಿ.

ಹೊರಗಿನ ಕಳ್ಳರ ಬಗ್ಗೆ ಇಷ್ಟು ಹೇಳಿದೆ. ಮನೆಯೊಳಗಿನ ಮಾತು ಹೆಚ್ಚು ಕಷ್ಟದ್ದು, ಆದರೆ ಹೇಳದೆ ಬಿಡಲಾರೆ. ಹೆಂಡತಿಯ ಫೋನನ್ನು ಗಂಡ, ತಂಗಿಯ ಫೋನನ್ನು ಅಣ್ಣ ದಿನಾ ತೆರೆದು ನೋಡುವುದನ್ನು ಅಕ್ಕರೆ ಎಂದು ಕರೆಯುವ ಮನೆಗಳು ನಮ್ಮಲ್ಲಿ ಬಹಳ ಇವೆ. 'ನಮ್ಮಿಬ್ಬರ ನಡುವೆ ಮುಚ್ಚುಮರೆ ಏನು' ಎಂಬ ಮಾತು ಒಬ್ಬರ ಫೋನಿಗೆ ಮಾತ್ರ ಅನ್ವಯವಾಗುತ್ತಿದ್ದರೆ ಅದು ಪ್ರೀತಿಯಲ್ಲ, ಕಾವಲು. ಆ ಹೆಣ್ಣುಮಗಳ ಫೋನಿನಲ್ಲಿ ಅವಳ ಗೆಳತಿಯರು ನಂಬಿ ಹೇಳಿಕೊಂಡ ನೋವುಗಳೂ ಇವೆ. ಅವನ್ನು ಓದುವ ಹಕ್ಕನ್ನು ಯಾವ ತಾಳಿಯೂ ಕೊಡುವುದಿಲ್ಲ. ಮಹಿಳೆಯೊಬ್ಬರ ಅಂತರ್ಜಾಲ ಬಳಕೆಯ ಮೇಲೆ ಕಣ್ಣಿಡುವುದನ್ನು ಭಾರತೀಯ ನ್ಯಾಯ ಸಂಹಿತೆಯ 78ನೇ ಸೆಕ್ಷನ್ ಹಿಂಬಾಲಿಸುವ ಅಪರಾಧದಲ್ಲಿ ಸೇರಿಸಿದೆ. ತನ್ನನ್ನು ಯಾರೋ ಹಿಂಬಾಲಿಸುತ್ತಿದ್ದಾರೆ ಎಂಬ ಅನುಮಾನ ಇರುವವರು ಗೂಗಲ್ ಮ್ಯಾಪ್ಸ್‌ನಲ್ಲಿ ಲೊಕೇಶನ್ ಯಾರಿಗೆ ಹೋಗುತ್ತಿದೆ, ಗೂಗಲ್ ಖಾತೆ ಯಾವ ಯಾವ ಯಂತ್ರದಲ್ಲಿ ತೆರೆದಿದೆ ಎಂದು ನೋಡಲಿ. ಆದರೆ ಹೊಡೆಯುವ ಗಂಡಸಿರುವ ಮನೆಯಲ್ಲಿ ಇದನ್ನು ಏಕಾಏಕಿ ನಿಲ್ಲಿಸಿದರೆ ಅಪಾಯ ಹೆಚ್ಚಬಹುದು. ಮೊದಲು ನಂಬಿಕಸ್ತರ ಫೋನಿನಿಂದ 181 ಮಹಿಳಾ ಸಹಾಯವಾಣಿಗೆ ಮಾತಾಡಿ.

ಪಾಸ್‌ವರ್ಡ್ ಬಗ್ಗೆ ಎಲ್ಲರೂ ಬರೆದಿದ್ದಾರೆ, ನಾನು ಎರಡೇ ಮಾತು ಹೇಳುವೆ. ದೊಡ್ಡಕ್ಷರ, ಚಿಕ್ಕಕ್ಷರ, ಅಂಕಿ, ಚಿಹ್ನೆ ಬೆರೆಸಿ ಮೇಲಿಂದ ಮೇಲೆ ಬದಲಾಯಿಸಿ ಎಂಬ ನಿಯಮವನ್ನು 2003ರಲ್ಲಿ ಅಮೆರಿಕದ ಮಾನಕ ಸಂಸ್ಥೆಗಾಗಿ ಬರೆದ ಬಿಲ್ ಬರ್ ಅವರೇ 2017ರಲ್ಲಿ ಅದಕ್ಕಾಗಿ ವಿಷಾದಿಸಿದರು. ಉದ್ದವಾಗಿರುವುದು ಮುಖ್ಯ. ಒಂದಕ್ಕೊಂದು ಸಂಬಂಧವಿಲ್ಲದ ನಾಲ್ಕೈದು ಕನ್ನಡ ಪದಗಳನ್ನು ಇಂಗ್ಲಿಷ್ ಅಕ್ಷರದಲ್ಲಿ ಸೇರಿಸಿ ಬರೆದರೆ ನೆನಪಿಡುವುದೂ ಸುಲಭ, ಒಡೆಯುವುದೂ ಕಷ್ಟ. ಇನ್ನೊಂದು, ಇಮೇಲಿನ ಪಾಸ್‌ವರ್ಡನ್ನು ಬೇರೆಲ್ಲೂ ಬಳಸಬಾರದು. ಉಳಿದೆಲ್ಲ ಖಾತೆಗಳ ಪಾಸ್‌ವರ್ಡ್ ಬದಲಾಯಿಸುವ ದಾರಿ ಇಮೇಲಿನ ಮೂಲಕವೇ ಹೋಗುತ್ತದೆ. ಯಾವುದೋ ಅಂಗಡಿಯ ಜಾಲತಾಣದಿಂದ ಅದು ಸೋರಿದರೆ ಎಲ್ಲವೂ ಹೋಯಿತು. ಅದಕ್ಕೆ ಎರಡನೇ ಹಂತದ ದೃಢೀಕರಣವನ್ನೂ ಹಾಕಿ.

ಕಾನೂನು ನಮ್ಮನ್ನು ಎಷ್ಟು ಕಾಯುತ್ತದೆ? ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಗೆ 2023ರ ಆಗಸ್ಟ್‌ನಲ್ಲಿ ರಾಷ್ಟ್ರಪತಿಗಳ ಅಂಕಿತ ಬಿತ್ತು. ನಿಯಮಗಳು ಹೊರಬಿದ್ದದ್ದು 2025ರ ನವೆಂಬರಿನಲ್ಲಿ. ಕಂಪನಿಗಳ ಮುಖ್ಯ ಹೊಣೆಗಳು ಜಾರಿಯಾಗಲು ಅಲ್ಲಿಂದ ಮತ್ತೆ 18 ತಿಂಗಳ ಅವಕಾಶ. ಕಾಯ್ದೆಯಲ್ಲಿ ಒಳ್ಳೆಯ ಅಂಶಗಳಿವೆ. ಯಾವ ಕೆಲಸಕ್ಕೆಂದು ಪಡೆದರೋ ಆ ಕೆಲಸ ಮುಗಿದ ಮೇಲೆ ಅಳಿಸಬೇಕು. ಒಪ್ಪಿಗೆ ಕೇಳುವ ಸೂಚನೆಯನ್ನು ಸಂವಿಧಾನದ ಎಂಟನೇ ಪರಿಚ್ಛೇದದ ಭಾಷೆಗಳಲ್ಲಿ, ಅಂದರೆ ಕನ್ನಡದಲ್ಲೂ, ಓದುವ ಆಯ್ಕೆ ನಮಗಿರಬೇಕು. ಕನ್ನಡ ಸಂಘಟನೆಗಳು ಹಿಡಿದು ಕೇಳಬೇಕಾದ ಹಕ್ಕು ಇದು. ಭದ್ರತೆಯಲ್ಲಿ ಲೋಪವಾದರೆ 250 ಕೋಟಿ ರೂಪಾಯಿವರೆಗೆ ದಂಡವಿದೆ. ಆದರೆ ದಂಡ ಸೇರುವುದು ಸರ್ಕಾರದ ನಿಧಿಗೆ; ಮಾಹಿತಿ ಕಳೆದುಕೊಂಡವನಿಗೆ ಈ ಕಾಯ್ದೆಯಲ್ಲಿ ಬಿಡಿಗಾಸಿನ ಪರಿಹಾರವೂ ಇಲ್ಲ. ಸರ್ಕಾರ ತನ್ನ ಯಾವ ಸಂಸ್ಥೆಗೆ ಬೇಕಾದರೂ ವಿನಾಯಿತಿ ಕೊಡುವ ಅಧಿಕಾರವನ್ನು 17ನೇ ಸೆಕ್ಷನ್ನಿನಲ್ಲಿ ಇಟ್ಟುಕೊಂಡಿದೆ. ಇದೇ ಕಾಯ್ದೆಯ ಮೂಲಕ ಮಾಹಿತಿ ಹಕ್ಕು ಕಾಯ್ದೆಯ ಒಂದು ಕಲಮನ್ನು ತಿದ್ದಿ, ವೈಯಕ್ತಿಕ ಮಾಹಿತಿ ಎಂಬ ಕಾರಣ ಹೇಳಿ ಅಧಿಕಾರಿಗಳು ಉತ್ತರ ನಿರಾಕರಿಸುವುದನ್ನು ಸುಲಭ ಮಾಡಿದ್ದಾರೆ. ನಾಗರಿಕನನ್ನು ತೆರೆದಿಟ್ಟು ಅಧಿಕಾರವನ್ನು ಮುಚ್ಚಿಡುವುದು ಖಾಸಗಿತನದ ಹೆಸರಿನಲ್ಲಿ ನಡೆಯುವ ಅನ್ಯಾಯ. ಆದರೆ ಎದ್ದು ಕೇಳಿದರೆ ಫಲವಿದೆ. 2025ರ ಕೊನೆಯಲ್ಲಿ ಎಲ್ಲ ಹೊಸ ಫೋನುಗಳಲ್ಲೂ ಸರ್ಕಾರದ ಸಂಚಾರ್ ಸಾಥಿ ಆ್ಯಪ್ ಇರಲೇಬೇಕು ಎಂಬ ಆದೇಶ ಬಂದು, ವಿರೋಧ ಎದ್ದ ಕೆಲವೇ ದಿನಗಳಲ್ಲಿ ಹಿಂದಕ್ಕೆ ಹೋಯಿತು. ಅದರ ಜಾಲತಾಣ ಮಾತ್ರ ಉಪಯುಕ್ತ. ನಿಮ್ಮ ಹೆಸರಿನಲ್ಲಿ ಎಷ್ಟು ಸಿಮ್ ಇವೆ ಎಂದು ಅಲ್ಲಿ ನೋಡಬಹುದು, ಕಳೆದ ಫೋನನ್ನು ನಿಷ್ಕ್ರಿಯಗೊಳಿಸಬಹುದು. ಆಯ್ಕೆ ನಮ್ಮದಾಗಿದ್ದರೆ ಒಳ್ಳೆಯ ಸೌಲಭ್ಯ. ಹೇರಿದರೆ ಒಳ್ಳೆಯದೂ ಅನುಮಾನ ಹುಟ್ಟಿಸುತ್ತದೆ.

ಇಷ್ಟೆಲ್ಲ ಮಾಡಿಯೂ ಹಣ ಹೋದರೆ ಒಂದು ನಿಮಿಷವೂ ಯೋಚಿಸದೆ ಸೈಬರ್ ಅಪರಾಧ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಕಳ್ಳರು ಹಣವನ್ನು ಖಾತೆಯಿಂದ ಖಾತೆಗೆ ದಾಟಿಸುವ ಮೊದಲು ತಡೆಯಲು ಇರುವ ವೇಗದ ದಾರಿ ಅದು. ಬ್ಯಾಂಕಿಗೂ ಬರೆದು ಕೊಡಿ. ನಿಮ್ಮ ತಪ್ಪಾಗಲಿ ಬ್ಯಾಂಕಿನ ತಪ್ಪಾಗಲಿ ಇಲ್ಲದೆ ಬೇರೆಲ್ಲೋ ಆದ ಲೋಪದಿಂದ ಹಣ ಹೋಗಿದ್ದರೆ, ಬ್ಯಾಂಕಿನ ಸಂದೇಶ ಬಂದ ಮೂರು ಕೆಲಸದ ದಿನಗಳೊಳಗೆ ತಿಳಿಸಿದವರ ಮೇಲೆ ನಷ್ಟ ಹೊರಿಸುವಂತಿಲ್ಲ ಎಂದು ರಿಸರ್ವ್ ಬ್ಯಾಂಕ್ 2017ರ ಸುತ್ತೋಲೆಯಲ್ಲಿ ಹೇಳಿತ್ತು. ನಾಚಿಕೆಯಿಂದ ಸುಮ್ಮನಿದ್ದವರೇ ಹೆಚ್ಚು ಕಳೆದುಕೊಂಡಿದ್ದಾರೆ.

ಊರು ಬಿಟ್ಟು ಬೆಂಗಳೂರಿನಲ್ಲೋ ದುಬೈನಲ್ಲೋ ಕೆಲಸಕ್ಕಿರುವ ಮಕ್ಕಳಲ್ಲಿ ನನ್ನದೊಂದು ಕೋರಿಕೆ. ಮುಂದಿನ ಹಬ್ಬಕ್ಕೆ ಮನೆಗೆ ಹೋದಾಗ ಅಪ್ಪ ಅಮ್ಮನ ಫೋನಿಗೆ ಒಂದು ಮಧ್ಯಾಹ್ನ ಎತ್ತಿಡಿ. ಕಸಿದುಕೊಂಡು ನೀವೇ ಎಲ್ಲ ಮಾಡಿ ಮುಗಿಸಬೇಡಿ. ಪಕ್ಕದಲ್ಲಿ ಕೂತು ಅವರ ಬೆರಳಿನಿಂದಲೇ ಒಂದೊಂದನ್ನೂ ಒತ್ತಿಸಿ. ಯಾವ ಆ್ಯಪ್ ಏನು ನೋಡುತ್ತಿದೆ ಎಂದು ತೋರಿಸಿ, ಬೇಡದ್ದನ್ನು ಅವರೇ ತೆಗೆಯಲಿ. ಫೋನಿಗೆ ಪಿನ್ ಇಲ್ಲದಿದ್ದರೆ ಹೊಸದೊಂದು ಹಾಕಿಸಿ. ಅದನ್ನು ಅವರೇ ಆರಿಸಿಕೊಳ್ಳಲಿ, ಏನೆಂದು ನೀವು ಕೇಳಬೇಡಿ.